ನೋವು ಹೋದ ಕೈ

ನನ್ನ ತಮ್ಮನ ಅಂಗಿಗೆ ಗುಂಡಿ ಹಾಕುವವಳು ನಾನೇ. ಮೂವತ್ತು ದಾಟಿದ, ನೋಡಲು ಗಟ್ಟಿಮುಟ್ಟಾಗಿರುವ ಗಂಡಸು ದಿನಾ ಬೆಳಿಗ್ಗೆ ಮಗುವಿನ ಹಾಗೆ ಬಂದು ನನ್ನ ಮುಂದೆ ಎದೆಯೊಡ್ಡಿ ನಿಲ್ಲುತ್ತಾನೆ. ಜಿಪ್ ಹಾಕಿಕೊಡುತ್ತೇನೆ ಕಣೋ ಎಂದರೆ, ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕ ಇರುವಾಗ ಜಿಪ್ ಯಾಕೆ ಅನ್ನುತ್ತಾನೆ. ಶುದ್ಧ ಸೋಮಾರಿ.

ಅವನ ಬಲಗೈ ಯಾವ ಯಂತ್ರಕ್ಕೂ ಸಿಕ್ಕಿದ್ದಲ್ಲ. ವಿಡಿಯೋ ಗೇಮ್ ಆಡಿ ಹೋಯಿತು. ಹೀಗೆಂದರೆ ಜನ ನಗುತ್ತಾರೆ, ನನಗೆ ಪಿತ್ತ ನೆತ್ತಿಗೇರುತ್ತದೆ. ಅದು ಬಿಡುವಿನ ಆಟವಲ್ಲ, ಪಂದ್ಯ. ಐದೈದು ಜನರ ತಂಡ, ಹಾಲ್ ತುಂಬ ಪ್ರೇಕ್ಷಕರು, ಬೆಳಗಿನಿಂದ ಸಂಜೆವರೆಗೆ ಮೌಸ್ ಮೇಲಿಂದ ಕದಲದ ಕೈ. ಅವನಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಉರಿಯುತ್ತಿತ್ತು. ಒಂದು ದಿನ ಆ ಉರಿ ತಾನಾಗಿಯೇ ಹೊರಟುಹೋಯಿತು. ಅದಕ್ಕೆ ಆಟಗಾರರ ನಡುವೆ ಒಂದು ಮಾತಿದೆ, ಕೈ ಕೂತಿತು ಅನ್ನುತ್ತಾರೆ. ಕೈ ಕೂತವನು ಅದೃಷ್ಟವಂತ. ಜೊತೆಯವರೆಲ್ಲ ಬೆರಳ ಗೆಣ್ಣಿನಿಂದ ಅವನ ಮುಂಗೈಯನ್ನು ಬಾಗಿಲು ತಟ್ಟಿದಂತೆ ತಟ್ಟಿ ಹೋಗುತ್ತಾರೆ, ಅದೃಷ್ಟ ತಮಗೂ ಅಂಟಲಿ ಎಂದು. ನನ್ನ ತಮ್ಮನ ಕೈಯನ್ನೂ ತಟ್ಟಿದರು. ಆ ಕೂತ ಕೈಯಲ್ಲೇ ಅವನು ಇಡೀ ಸೀಸನ್ ಗೆದ್ದ. ಆಮೇಲೆ ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿ ಬಿತ್ತು, ಲೋಟ ಜಾರತೊಡಗಿತು. ನರ ನಲುಗಿದೆ, ನೋವಿನ ಸುದ್ದಿ ತಲೆಗೆ ಮುಟ್ಟುವುದೇ ನಿಂತಿದೆ ಎಂದರು ಡಾಕ್ಟರು. ವಾಸಿಯಾಯಿತು ಎಂದುಕೊಂಡು ನಾವು ಸಿಹಿ ಹಂಚಿದ್ದು ಅದಕ್ಕೆ.

ಮಧ್ಯಾಹ್ನ ಊಟ ಮುಗಿಸಿ ಅವನು ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ಚಾಪೆ ಹಾಕಿ ಮಲಗುತ್ತಾನೆ. ಎಚ್ಚರವಿದ್ದಾಗ ಮಾತು ಕೇಳದ ಬೆರಳುಗಳು ಆಗ ಆಡತೊಡಗುತ್ತವೆ. ಚಾಪೆಯ ಮೇಲೆ ಟಕ್, ಟಕ್ ಎಂದು ಕುಟ್ಟುತ್ತವೆ, ತಡೆಯುತ್ತವೆ, ಮತ್ತೆ ಕುಟ್ಟುತ್ತವೆ. ಒಮ್ಮೆ ನಿಲ್ಲಿಸೋಣವೆಂದು ಮೇಲೆ ನನ್ನ ಅಂಗೈ ಇಟ್ಟೆ. ಕೆಳಗೆ ಅವು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಆಡುತ್ತಲೇ ಇದ್ದವು, ತಣ್ಣಗೆ. ಒಡಹುಟ್ಟಿದವನ ಕೈ ಮುಟ್ಟಿ ನನಗೆ ಹೆದರಿಕೆಯಾಯಿತು. ಅಂದಿನಿಂದ ಆ ಹೊತ್ತಿಗೆ ಮಶೀನನ್ನು ಜೋರಾಗಿ ತುಳಿಯುತ್ತೇನೆ, ಆ ಸದ್ದು ಕೇಳದಿರಲಿ ಎಂದು.

ಪಕ್ಕದ ಬೀದಿಯ ಗೇಮಿಂಗ್ ಹಾಲ್‌ನ ಯಜಮಾನ ಇವನನ್ನು ಹುಡುಗರಿಗೆ ವ್ಯಾಯಾಮ ಮಾಡಿಸಲು ಇಟ್ಟುಕೊಂಡ. ಅಲ್ಲಿ ಎಲ್ಲರೂ ಇವನನ್ನು ಕೈಮಾಸ್ತರು ಅನ್ನುತ್ತಾರೆ. ತಾಸಿಗೊಮ್ಮೆ ಎಬ್ಬಿಸುತ್ತಾನೆ. ಅಂಗೈಯನ್ನು ಗೋಡೆಗೆ ಊರಿ ತೋಳು ಚಾಚು, ಬೆರಳನ್ನು ಹಿಂದಕ್ಕೆ ಎಳೆ, ಮುಷ್ಟಿ ಹಿಡಿ, ಬಿಡು, ಭುಜ ಸಡಿಲಿಸು. ಕಟ್ಟಡ ಬೀಳದಂತೆ ಹಿಡ್ಕೊಂಡಿದೀರಾ ಎಂದು ನಾನು ಆ ದಾರಿಯಲ್ಲಿ ಹೋಗುವಾಗ ಛೇಡಿಸುತ್ತಿದ್ದೆ. ಅವನು ಒಂದು ಮಾತನ್ನು ಮಾತ್ರ ಜಪದ ಹಾಗೆ ಹೇಳುತ್ತಿದ್ದ: "ಎಳೆತ ಗೊತ್ತಾಗೋವರೆಗೆ ಸಾಕು. ನೋವಾಗೋವರೆಗೆ ಬೇಡ."

ಆ ಹುಡುಗರ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು, ಗುಂಡುಸೂಜಿ ಎಂದು ಕರೆಯುತ್ತಿದ್ದರು. ಸಣಕಲು, ಚೂಪು ಬಾಯಿ. ಅವಳಿಲ್ಲದೆ ತಂಡವಿಲ್ಲ. ಅವಳ ಕೈಯೂ ಉರಿಯುತ್ತಿತ್ತು. ಫೈನಲ್ ಮುಗಿದ ಮೇಲೆ ಪೂರ್ತಿ ವಿಶ್ರಾಂತಿ ಎಂದು ತಮ್ಮ ಅವಳಿಂದ ಭಾಷೆ ತೆಗೆದುಕೊಂಡಿದ್ದ.

ಫೈನಲ್ ದಿನ ಬೆಳಿಗ್ಗೆ ನಾನು ಹೊಸ ಜೆರ್ಸಿಗಳನ್ನು ಹೊತ್ತುಕೊಂಡು ಹೋದೆ. ಗುಂಡುಸೂಜಿಯ ಜೆರ್ಸಿಗೆ ತೋಳು ಉದ್ದವಾಗಿತ್ತು. ಸಮಯವಿಲ್ಲವೆಂದು ಮೈಮೇಲೆಯೇ ಮಡಿಚಿ ಹೊಲಿಗೆ ಹಾಕಲು ಕೂತೆ. ಅವಳು ಖುಷಿಯಲ್ಲಿ ಕೂತಲ್ಲಿ ಕೂರುತ್ತಿರಲಿಲ್ಲ.

"ಮಾಸ್ತರೇ, ನಂಗೂ ಕೈ ಕೂತ್ಕೊಂತು. ಚೂರೂ ನೋವಿಲ್ಲ. ನೀವು ಹೇಳ್ಕೊಟ್ಟಿದ್ದನ್ನೇ ಮಾಡ್ದೆ, ಆದ್ರೆ ಇನ್ನೂ ಜೋರಾಗಿ. ಉರಿ ಸಾಯೋ ತನಕ ಬೆರಳು ಎಳೆದೆ, ದಿನಾ."

ಹುಡುಗರು ಸಾಲಾಗಿ ಬಂದು ಅವಳ ಮುಂಗೈ ತಟ್ಟತೊಡಗಿದರು. ಆ ಅಲುಗಾಟಕ್ಕೆ ನನ್ನ ಸೂಜಿ ಜಾರಿತು. ಬಟ್ಟೆಯಲ್ಲಿ ಹೋಗಬೇಕಾದದ್ದು ಅವಳ ಕಿರುಬೆರಳಿಗೆ ಹೋಯಿತು, ಆಳಕ್ಕೆ. ಅವಳು ಮಾತಾಡುತ್ತಲೇ ಇದ್ದಳು. ಸೂಜಿ ಕಿತ್ತೆ. ರಕ್ತ ಉಬ್ಬಿ ಬಂದು ಬೆರಳಿನ ಬದಿಗೆ ಇಳಿಯಿತು. ಅವಳು ಯಾವುದೋ ಜೋಕಿಗೆ ನಗುತ್ತಿದ್ದಳು. ತಲೆಯೆತ್ತಿದರೆ ನನ್ನ ತಮ್ಮ ಆ ಬೆರಳನ್ನೇ ನೋಡುತ್ತಿದ್ದ. ಸತ್ತವರನ್ನು ಎದುರಿಗೆ ಕಂಡಂತಿತ್ತು ಅವನ ಮುಖ.

"ಇವಳು ಆಡಲ್ಲ," ಎಂದ.

ಬದಲಿ ಆಟಗಾರರಿರಲಿಲ್ಲ. ಅವಳಿಲ್ಲವೆಂದರೆ ಆಡದೆಯೇ ಸೋಲು. ಯಜಮಾನ ಮೊದಲು ನಕ್ಕ, ಆಮೇಲೆ ಕೂಗಾಡಿದ, ಕೊನೆಗೆ ನನ್ನ ಕಡೆ ತಿರುಗಿ, ನೀವಾದರೂ ಬುದ್ಧಿ ಹೇಳಿ ಎಂದ. ನಾನು ಅವಳ ಕೈಯನ್ನೆತ್ತಿ ಅವನ ಮೂಗಿನ ಹತ್ತಿರ ಹಿಡಿದೆ. ರಕ್ತ ಕಂಡು ಅವನು ಹಿಂದೆ ಸರಿದ. ಹುಡುಗಿಯೂ ಆಗಲೇ ನೋಡಿದ್ದು. ಒರೆಸಿಕೊಂಡು, ಏನೂ ಆಗಿಲ್ಲ ಎಂದಳು.

"ಒಂದೇ ಮ್ಯಾಚು, ಮಾಸ್ತರೇ. ನಿಮ್ಮನ್ನ ಅವತ್ತು ಯಾರಾದ್ರೂ ಎದ್ದೇಳು ಅಂದಿದ್ರೆ ಎದ್ದಿರ್ತಿದ್ರಾ?"

"ಇಲ್ಲ."

"ಮತ್ತೆ?"

"ಅದಕ್ಕೇ ನಿನ್ನ ಕೇಳ್ತಿಲ್ಲ."

ಅವನು ಅವಳ ಕುರ್ಚಿಯಲ್ಲಿ ಹೋಗಿ ಕೂತುಬಿಟ್ಟ, ತೀರ್ಪುಗಾರರು ಬಂದು ಸೋಲು ಘೋಷಿಸುವವರೆಗೂ ಏಳಲಿಲ್ಲ. ಅವಳು ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಕೈ ಸತ್ತಿದ್ದಕ್ಕೆ ನನ್ನ ಆಟ ಸಾಯ್ಬೇಕಾ?" ಎಂದಳು. ಯಜಮಾನ ಅಂದೇ ಅವನನ್ನು ಮನೆಗೆ ಕಳಿಸಿದ.

ಆಮೇಲಿನ ತಿಂಗಳುಗಳು ನೆನೆಯಲೂ ಬೇಡ. ಅವಳ ಕೈಗೆ ಪಟ್ಟಿ ಕಟ್ಟಿದ್ದಾರೆ, ನರ ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದಾರೆ ಡಾಕ್ಟರು ಎಂದು ಅವಳಮ್ಮ ಹೇಳಿದರು. ತಮ್ಮ ಊಟ ಬಿಟ್ಟ. "ನಾನು ಹೇಳ್ಕೊಟ್ಟಿದ್ದನ್ನೇ ಎಳೆದು ಎಳೆದು ಕೊಂದ್ಕೊಂಡ್ಳಲ್ಲಕ್ಕ," ಎಂದು ಒಂದೇ ಸಮನೆ ಕೊರಗುತ್ತಿದ್ದ. ಎಲಾಸ್ಟಿಕ್ಕನ್ನು ಮಿತಿ ಮೀರಿ ಎಳೆದರೆ ಸತ್ವ ಹೋಗುತ್ತದೆ, ಅದು ಎಳೆದವರ ತಪ್ಪು, ಮಾರಿದವನದಲ್ಲ ಎಂದು ಬೈದು ನೋಡಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಮಲಗಿದರೆ ಈಗ ಬೆರಳುಗಳು ಇನ್ನೂ ಜೋರಾಗಿ ಕುಟ್ಟುತ್ತಿದ್ದವು. ಆ ಕೈಯೊಳಗೆ ಈಗ ಇಬ್ಬರಿದ್ದಾರೆ ಎನ್ನಿಸಿ ನಾನು ಅಂಗಡಿಯಿಂದ ಎದ್ದು ಹೊರಗೆ ನಿಲ್ಲುತ್ತಿದ್ದೆ.

ಒಂದು ಮಧ್ಯಾಹ್ನ ಹಾಗೆ ನಿಂತಿದ್ದಾಗ ಗುಂಡುಸೂಜಿ ಬಂದಳು. ಕೈಯನ್ನು ಎದೆಗವಚಿಕೊಂಡಿದ್ದಳು, ಕಣ್ಣು ಮೂಗು ಒಂದೇ ಸಮ ಸುರಿಯುತ್ತಿತ್ತು. ನನ್ನ ಮುಖವನ್ನೂ ನೋಡದೆ ನೇರ ಒಳಗೆ ಹೋದಳು.

"ಏಳಿ ಮಾಸ್ತರೇ. ನೆಮ್ಮದಿಯಾಯ್ತಾ ನಿಮ್ಗೆ? ನಿನ್ನೆಯಿಂದ ಪ್ರಾಣ ಹೋಗ್ತಿದೆ. ಬೆಂಕಿಗೆ ಇಟ್ಟ ಹಾಗೆ ಉರೀತಿದೆ, ನಿದ್ದೆ ಇಲ್ಲ."

ತಮ್ಮ ಎದ್ದು ಕೂತ. ಮೊದಲು ಅರ್ಥವಾಗಲಿಲ್ಲ ಅವನಿಗೆ. ಆಮೇಲೆ ಅವಳ ಮುಂದೆ ಮಂಡಿಯೂರಿದ.

"ಎಲ್ಲಿ ನೋಯ್ತಿದೆ?"

"ಕಿರುಬೆರಳು ಪೂರ್ತಿ. ಇಲ್ಲಿಂದ ಇಲ್ಲಿವರೆಗೂ."

"ಇನ್ನೊಂದ್ಸಲ ಹೇಳು."

ಅವಳು ಬೈಯುತ್ತಲೇ ಮತ್ತೆ ಹೇಳಿದಳು. ಅವನು ಅಳುತ್ತ ನಗುತ್ತಿದ್ದ. ಅವಳು ತೋರಿಸಿದ ಒಂದೊಂದು ಜಾಗವನ್ನೂ ಎಡಗೈಯಿಂದ ತನ್ನ ಬಲಗೈಯಲ್ಲಿ ಹುಡುಕಿ ಗಟ್ಟಿಯಾಗಿ ಒತ್ತುತ್ತಿದ್ದ, ಉಗುರು ಇಳಿಯುವಷ್ಟು ಗಟ್ಟಿಯಾಗಿ, ಮತ್ತೆ ಮತ್ತೆ. ಸಾಕು ಬಿಡೋ ಎಂದು ನಾನೇ ಹೋಗಿ ಅವನ ಕೈ ಹಿಡಿದುಕೊಂಡೆ.