ಅವ್ವನ ಸೆರಗಿನ ಕೋಳಿ

ಸಿಟ್ಟು ಬಂದಾಗ ನನಗೆ ಮಾತು ಹೊರಡುವುದಿಲ್ಲ. ಮಾತು ಹೊರಡುವ ಹೊತ್ತಿಗೆ ಬಸ್ಸು ಹೊರಟಿರುತ್ತದೆ. ನನ್ನ ಮುಕ್ಕಾಲು ಪಾಲು ಜಗಳಗಳನ್ನು ಬಸ್ಸಿನ ಕಿಟಕಿಗೆ ತಲೆ ಆನಿಸಿ ಒಬ್ಬಳೇ ಆಡಿದ್ದೇನೆ, ಎಲ್ಲದರಲ್ಲೂ ಗೆದ್ದಿದ್ದೇನೆ. ಈ ಕೌದಿಯ ಜಗಳ ಮಾತ್ರ ಎದುರಿಗೇ ಆಡಿದ್ದು.

ಎಂಬತ್ತರ ದಶಕದ ಕೊನೆ. ಅವ್ವ ತೀರಿಕೊಂಡು ವರ್ಷ ತುಂಬುವುದರೊಳಗೆ, ಲಿಂಗಸುಗೂರಿಗೆ ಕೊಟ್ಟಿದ್ದ ಅಕ್ಕ ಹೆಣ್ಣು ಹಡೆದಳು. ಅವ್ವ ಇಲ್ಲದ ತವರಿಗೆ ಬಾಣಂತನಕ್ಕೆ ಯಾರು ಕಳಿಸುತ್ತಾರೆ? ಅತ್ತೆಯ ಮನೆಯಲ್ಲೇ ಆಯಿತು. ಸಿಂಧನೂರಿನಲ್ಲಿ ಕೂತು ನನ್ನ ಕೈಲಾದದ್ದು ಒಂದೇ: ತೊಟ್ಟಿಲಿಗೆ ಹಾಕುವ ದಿನಕ್ಕೆ, ಕೂಸಿನ ಕೆಳಗೆ ಹಾಸಲು ಹಳೆ ಬಟ್ಟೆಗಳದೊಂದು ಸಣ್ಣ ಕೌದಿ. ಅಪ್ಪನ ಹಳೆಯ ಧೋತರದಲ್ಲಿ ಆಕಳು ಕತ್ತರಿಸಿದೆ, ಅಣ್ಣನ ಬೂದಿ ಬಣ್ಣದ ಪ್ಯಾಂಟಿನಲ್ಲಿ ಆನೆ, ನನ್ನ ಲಂಗದಲ್ಲಿ ಮೊಲ. ಅವ್ವನ ಸೀರೆಗಳೆಲ್ಲ ಆಗಲೇ ನೆಂಟರ ಪಾಲಾಗಿದ್ದವು. ಇಳಕಲ್ ಸೆರಗಿನ ಗೇಣುದ್ದದ ಕೆಂಪು ಚೂರು ಮಾತ್ರ ನನ್ನ ಟ್ರಂಕಿನಲ್ಲಿತ್ತು. ಅದರಲ್ಲಿ ರೆಕ್ಕೆ ಅಗಲಿಸಿದ ಕೋಳಿ ಮಾಡಿ, ಕೂಸಿನ ತಲೆ ಬರುವ ಕಡೆ ಕೂಡಿಸಿದೆ.

ಕೌದಿಯೊಳಗೆ ಸೂಜಿ ಉಳಿದು ಕೂಸಿಗೆ ಚುಚ್ಚಿದರೆ? ಮೂರು ಸಲ ಸೂಜಿ ಎಣಿಸಿದೆ. ಕೆಟ್ಟ ರೇಡಿಯೋದ ಅಯಸ್ಕಾಂತ ಕಿತ್ತು ಇಡೀ ಕೌದಿಯ ಮೇಲೆ ಇಸ್ತ್ರಿಯಂತೆ ಆಡಿಸಿದೆ. ಆಮೇಲೆ ಒಣ ರೊಟ್ಟಿಯ ಚೂರೊಂದನ್ನು ಒಳಗಿಟ್ಟು ಕೊನೆಯ ಮೂಲೆ ಮುಚ್ಚಿದೆ. ಕೌದಿಯ ಹೊಟ್ಟೆ ಹಸಿದಿರಬಾರದು ಎನ್ನುವುದು ನಮ್ಮಲ್ಲಿಯ ಪದ್ಧತಿ.

ಇಷ್ಟೆಲ್ಲ ಅಂಜಿದವಳು ಅಂಜಬೇಕಾದಲ್ಲಿ ಅಂಜಲಿಲ್ಲ. ಕೌದಿಯ ಮೇಲೆ ಕುಪ್ಪಸಕ್ಕೊಂದು ನೇರಳೆ ಜಂಪರ್ ಪೀಸು ಇಟ್ಟು, ಕುಂಕುಮ ಹಚ್ಚಿ, ಆಯೇರಿಯ ತಾಟಿನಲ್ಲಿ ಒಪ್ಪಿಸಿದೆ. ಆಯೇರಿ ಎಂದರೆ ಶುಭಕಾರ್ಯದಲ್ಲಿ ಕೊಡುವ ಉಡುಗೊರೆ, ಒಂದು ಮನೆಯಲ್ಲಿ ನಿಲ್ಲುವ ಬಟ್ಟೆಯಲ್ಲ. ಹಿರಿಯಳ ಟ್ರಂಕು ಸೇರಿ, ಮುಂದಿನ ಕಾರ್ಯಕ್ಕೆ ಇನ್ನೊಬ್ಬರ ಮನೆಗೆ ನಡೆಯುತ್ತದೆ. ನೇರ ಕೂಸಿನ ಕೆಳಗೆ ಹಾಸಿಬಿಟ್ಟಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಹೋದಾಗ ಕೂಸು ಅಂಗಡಿಯ ಚಾದರದ ಮೇಲೆ ಮಲಗಿತ್ತು.

"ಕೌದಿ ಎಲ್ಲೈತಿ?" ಎಂದೆ. ಅಕ್ಕ ನೆಲ ನೋಡಿದಳು.

"ಆಯೇರ್ಯಾಗ ಬಂದಿದ್ದಲ್ಲೇನವ್ವ ಅದು?" ಎಂದಳು ಅಕ್ಕನ ಅತ್ತೆ. "ಮಸ್ಕ್ಯಾಗ ನನ್ನ ತಂಗಿ ಮಗಳು ಹಡದಿದ್ಲು, ಆಕಿಗೆ ಆಯೇರಿ ಮಾಡಿದ್ವಿ. ಅದರಾಗ ಕೋಳಿ ಬ್ಯಾರೆ. ನಮ್ಮ ಮನ್ಯಾಗ ಕೋಳಿ ನಡಿಯಂಗಿಲ್ಲ."

"ತಿನ್ನಾಕ ಕೊಟ್ಟಿದ್ದಿಲ್ಲರೀ!"

ನನ್ನ ಧ್ವನಿಗೆ ನಾನೇ ಬೆಚ್ಚಿದೆ. ಆದರೆ ಅತ್ತೆಗಿಂತ ಅಕ್ಕನ ಮೇಲೆ ಮೈ ಉರಿಯಿತು. ಅವ್ವನ ಸೆರಗು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಮಸ್ಕಿಯ ಬಸ್ಸು ಹತ್ತಿದೆ. ಕೌದಿ ಕಸಿದುಕೊಂಡೇ ಬರುವೆನೆಂದು ದಾರಿಯುದ್ದ ಸಂಭಾಷಣೆ ಉರು ಹಚ್ಚಿದೆ. ಮನೆ ಹುಡುಕಿಕೊಂಡು ಹೋಗಿ ನೋಡಿದರೆ, ಆ ಬಾಣಂತಿಯ ಕೂಸು ನನ್ನ ಆನೆಯ ಮೇಲೆ ಗಾಢವಾಗಿ ಮಲಗಿದೆ. ಆಕಳು ತೊಯ್ದಿದೆ. ಉರು ಹಚ್ಚಿದ್ದೆಲ್ಲ ಮರೆತು, "ನಮ್ಮವ್ವನ ಸೆರಗದು, ಕೋಳಿ ಒಂದು ಬಿಚ್ಚಿಕೊಡ್ರಿ" ಎಂದು ತೊದಲಿದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೋಳಿ ಏನಿದು? ನಾವು ನವಿಲು ಅಂತ ತಿಳ್ಕಂಡಿದ್ವಿ" ಎಂದಳು. ಇನ್ನೂ ಸಿಟ್ಟು ಬಂತು. ಆದರೂ ಪುಣ್ಯಾತ್ಮಳು ಕೂಸನ್ನು ತೊಡೆಗೆ ಹಾಕಿಕೊಂಡು ಕತ್ತರಿ ಕೊಟ್ಟಳು. "ಹಂಗ ತೂತು ಬಿಟ್ಟು ಹೋಗಬ್ಯಾಡ್ರಿ ಮತ್ತ. ಹೊಟ್ಟಿ ತೆರದ ಕೌದಿ ಮ್ಯಾಲ ಕೂಸು ಮಲಗಬಾರದು."

ಕೋಳಿ ಬಿಚ್ಚುವಾಗ ಕೆಳಗಿನ ಬಟ್ಟೆಯೂ ಹರಿದಿತ್ತು. ತೇಪೆಗೆ ಬಟ್ಟೆ ಎಲ್ಲಿ? ಬಂದವಳನ್ನು ಬರಿಗೈಲಿ ಕಳಿಸಬಾರದೆಂದು ಆಕೆ ಒಳಗಿಂದ ಜಂಪರ್ ಪೀಸು ತಂದು ಕುಂಕುಮ ಹಚ್ಚಿ ಕೊಟ್ಟಳು. ನೇರಳೆ ಬಣ್ಣದ್ದು. ನನ್ನದೇ ಎಂದು ಆಣೆ ಮಾಡಿ ಹೇಳಲಾರೆ. ಅದನ್ನೇ ಕತ್ತರಿಸಿ ತೇಪೆ ಹಾಕಿದೆ. ಜಗಳಕ್ಕೆಂದು ಬಂದು, ಯಾರದೋ ಕೂಸಿಗೆ ಎರಡನೇ ಸಲ ಕೌದಿ ಹೊಲಿದು ಎದ್ದೆ.

ಸಿಂಧನೂರಿನ ಬಸ್ಸು ಬಿಟ್ಟು ಮತ್ತೆ ಲಿಂಗಸುಗೂರಿಗೇ ಹೋದೆ. ಹಗ್ಗದ ಮೇಲೆ ಒಣಗಿದ್ದ ಕೂಸಿನ ಅಂಗಿ ಎಳೆದುಕೊಂಡು ಪಡಸಾಲೆಯಲ್ಲಿ ಅತ್ತೆಯ ಎದುರಿಗೇ ಕೂತೆ.

"ಏನು ಮಾಡಾಕತ್ತೀ ಬೇ?"

"ಕೋಳಿ ಹಚ್ಚಾಕತ್ತೀನ್ರಿ. ಇನ್ನ ಆಯೇರಿ ಮಾಡೋದಿದ್ರ ಕೂಸಿನ ಸಮೇತ ಮಾಡ್ರಿ."

ಅತ್ತೆ ದಡಕ್ಕನೆ ಎದ್ದು ಒಳಗೆ ಹೋದಳು. ಅಕ್ಕ ಪಕ್ಕಕ್ಕೆ ಬಂದು ಸೂಜಿಗೆ ದಾರ ಪೋಣಿಸಿ ಕೊಟ್ಟಳು. ನಾನು ಅವಳ ಮುಖ ನೋಡಲಿಲ್ಲ. ದಾರ ಪೋಣಿಸಿದ ಮಾತ್ರಕ್ಕೆ ಇಳಿಯುವ ಸಿಟ್ಟಲ್ಲ ಅದು. ಇಂದಿಗೂ ಪೂರ್ತಿ ಇಳಿದಿಲ್ಲ.

ವಾಪಸು ಬರುವಾಗ, ಬಸ್ಸು ಮಸ್ಕಿ ದಾಟಿದ ಮೇಲೆ, ನೆನಪಾಯಿತು: ಸೂಜಿ ಎಲ್ಲಿ? ಅಂಗಿಯಲ್ಲೇ ಬಿಟ್ಟೆನೇ? ಸಿಂಧನೂರು ಮುಟ್ಟುವವರೆಗೂ ಬೆವರಿದೆ. ಇಳಿಯುವಾಗ ಅದು ನನ್ನ ಸೆರಗಿನಲ್ಲೇ ಇದ್ದು, ನನಗೇ ಚುಚ್ಚಿತು.