ಚಿತ್ರದೊಳಗಿನ ಅತ್ತೆ

ಕಳೆದ ವಾರ ಬೀರು ಒಪ್ಪ ಮಾಡುವಾಗ ಕಾಲೇಜಿನ ಹಳೆಯ ಫೈಲಿನಿಂದ ಒಂದು ಚಿತ್ರ ಜಾರಿ ಬಿತ್ತು. ಮೂಲೆಯಲ್ಲಿ ಎಣ್ಣೆಯ ಹೆಬ್ಬೆರಳ ಗುರುತು. ಒಗ್ಗರಣೆ ಮಂಡಕ್ಕಿ ತಿನ್ನುತ್ತಲೇ ಅದನ್ನು ಕೈಗೆತ್ತಿಕೊಂಡಿದ್ದರು ನಮ್ಮ ಮನೆ ಓನರ್ ಅಜ್ಜಿ...

ತೊಂಬತ್ತರ ದಶಕದ ಕೊನೆ. ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿದ್ದ ನಾನು ಅಜ್ಜಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯಲ್ಲಿ ಅವರು ಮತ್ತು ಸೊಸೆ, ಇಬ್ಬರೇ. ಮಗ ತೀರಿಕೊಂಡು ಮೂರು ವರ್ಷವಾಗಿತ್ತು. ಸೊಸೆಯ ಅಣ್ಣ ತವರೂರು ಸಾರಥಿಯಿಂದ ಬಂದು, ಹರಿಹರದಲ್ಲೊಬ್ಬ ಒಳ್ಳೆಯ ಗಂಡಿದ್ದಾನೆ, ಉಡಿಕೆ ಮಾಡೋಣ ಎಂದು ಕೇಳಿ ಹೋಗಿದ್ದ. ವಿಧವೆಗೆ ಹೀಗೆ ಮತ್ತೆ ಮದುವೆ ಮಾಡುವುದು ನಮ್ಮ ಕಡೆ ಹೊಸದಲ್ಲ. ಆದರೆ ಸೊಸೆ 'ಅತ್ತಿ ಹೇಳಿದಂಗೆ' ಅಂದುಬಿಟ್ಟಳು, ಅತ್ತೆ ಬಾಯೇ ಬಿಡಲಿಲ್ಲ. ಅವಳಿಲ್ಲದೆ ಅಜ್ಜಿಗೆ ಬೆಳಗೇ ಆಗುತ್ತಿರಲಿಲ್ಲ.

ಆ ಚಿತ್ರದ ಬಗ್ಗೆ ನಾನು ಕಾಲೇಜಿಗೆ ಬರೆದುಕೊಡಬೇಕಿತ್ತು. ಅದನ್ನು ಬರೆದ ಕಲಾವಿದನಿಗೆ ಹಾಡುಹಗಲೇ ದೇವದೂತರು ಕಾಣುತ್ತಿದ್ದರಂತೆ. ಚಿತ್ರದಲ್ಲಿದ್ದ ಬೈಬಲ್ಲಿನ ಕಥೆಯನ್ನು ಅಜ್ಜಿಗೆ ಹೇಳಿದೆ: ಗಂಡುಮಕ್ಕಳಿಬ್ಬರನ್ನೂ ಕಳೆದುಕೊಂಡ ಅತ್ತೆ ತನ್ನಿಬ್ಬರು ಸೊಸೆಯರಿಗೆ, ತವರಿಗೆ ಹೋಗಿ ಮತ್ತೆ ಮದುವೆಯಾಗಿ ಅನ್ನುತ್ತಾಳೆ. ಒಬ್ಬಳು ಅಳುತ್ತಾ ಹೊರಡುತ್ತಾಳೆ, ಇನ್ನೊಬ್ಬಳು ಬಿಡದೆ ತಬ್ಬಿಕೊಳ್ಳುತ್ತಾಳೆ. ತಬ್ಬಿಕೊಂಡವಳ ನಿಷ್ಠೆಯನ್ನೇ ಹೊಗಳಿ ನಾನು ಎಂಟು ಪುಟ ಗೀಚಿದ್ದೆ. ಅಜ್ಜಿಗೂ ಅವಳೇ ಹಿಡಿಸುತ್ತಾಳೆ ಅಂದುಕೊಂಡಿದ್ದೆ.

ಅಜ್ಜಿ ಬಹಳ ಹೊತ್ತು ನೋಡಿದರು.

'ಅತ್ತಿ ಕೈ ನೋಡಿಲ್ಲೇನವ್ವ? ತಬ್ಕಂಡಾಕಿನ ಹಿಡ್ಕಂಡಿಲ್ಲ. ಎಲ್ಡೂ ಕೈ ಹೋಗಾಕಿ ಕಡಿಗೇ ಚಾಚ್ಯಾಳೆ.'

'ಹೋಗಬ್ಯಾಡ ಅಂತಾಳೇನ್ರಿ ಅಜ್ಜಿ?'

'ಹಂಗಿದ್ರೆ ಸೆರಗು ಹಿಡೀತಿದ್ಲು. ಇದು ಚೆಂದಾಗಿ ಬಾಳು ಹೋಗವ್ವ ಅನ್ನೋ ಕೈ ಐತೆ.'

ಓದಿದವಳು ನಾನು, ಬುದ್ಧಿ ಅವರದ್ದು! ಎಂಟು ಪುಟದಲ್ಲಿ ಒಂದು ಸಲವೂ ನಾನು ಆ ಕೈಗಳನ್ನು ನೋಡಿರಲಿಲ್ಲ. ಅಜ್ಜಿ ಚಿತ್ರ ಕೆಳಗಿಟ್ಟು ಒಳಗೆ ಹೋದರು. 'ನಿಮ್ಮಣ್ಣಂಗೆ ಬರಾಕೆ ಹೇಳು' ಎಂದು ಸೊಸೆಗೆ ಹೇಳಿದ್ದು ನನಗೂ ಕೇಳಿಸಿತು.

ಉಡಿಕೆಯ ದಿನ, ಗಂಡನಿಲ್ಲದವರು ಉಡಿ ತುಂಬಬಾರದೆಂದು ನೆಂಟರು ಗೊಣಗಿದರೂ ಕೇಳದೆ, ಅಜ್ಜಿ ತಾವೇ ಸೊಸೆಗೆ ಉಡಿ ತುಂಬಿದರು. ಅವಳನ್ನು ಹರಿಹರದ ಬಸ್ಸು ಹತ್ತಿಸಿ ಬಂದವರು ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ರೊಟ್ಟಿ ತಟ್ಟಿದರು. ಆಮೇಲೆ ನನ್ನನ್ನು ಕರೆದು ಊಟಕ್ಕೆ ಕೂರಿಸಿ, ಬಡಿಸುತ್ತಲೇ ಅತ್ತರು.

ಓದು ಮುಗಿಸಿ ಊರು ಬಿಟ್ಟ ನಾನು ಮತ್ತೆ ಆ ಬೀದಿಗೆ ಕಾಲಿಡಲಿಲ್ಲ. ಅಜ್ಜಿ ಹೋದದ್ದು ತಿಳಿದದ್ದೇ ವರ್ಷದ ಮೇಲೆ. ಕಡೆಗಾಲದಲ್ಲಿ ಹರಿಹರದಲ್ಲಿ, ಆ ಸೊಸೆಯ ಮನೆಯಲ್ಲೇ ಇದ್ದರಂತೆ. ಅವಳ ಗಂಡನೇ ಹೆಗಲು ಕೊಟ್ಟನಂತೆ. ಒಂದು ಬಸ್ಸು ಹತ್ತಿದ್ದರೆ ಸಾಕಿತ್ತು, ನಾನು ಹತ್ತಲಿಲ್ಲ.