ಪರವಾನಗಿಯ ಬೆನ್ನ ಮೇಲೊಂದು ಫ್ಲಾರೆನ್ಸ್

"ಮೇಡಂ, ಭಾಷಣ ಬೇಡ ಮಾರಾಯ್ರೆ, ಫಸ್ಟ್ ಸಹಿ ಆಗ್ಲಿ," ಎಂದು ಪಿಸುಗುಟ್ಟುತ್ತ ನಮ್ಮ ದೋಹಾ ಕಚೇರಿಯ ಪುತ್ತೂರಿನ ಹಮೀದ್ ನನ್ನನ್ನು ಮಾಲೀಕರ ಕೊಠಡಿಗೆ ಕರೆದೊಯ್ದರು. ಹತ್ತು ದಿನದ ಪ್ರವಾಸಕ್ಕೆ ಕತಾರ್ ಬಿಡಲೂ ಮಾಲೀಕರ ಸಹಿಯಿರುವ ನಿರ್ಗಮನ ಪರವಾನಗಿ ಬೇಕಿದ್ದ ಕಾಲವದು. ಇದು ಗುಲಾಮಗಿರಿಯ ಮೊಮ್ಮಗ ಎಂದು ಮುಖಕ್ಕೇ ಹೇಳಲು ನಾನು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಮಾಲೀಕರು ಅರ್ಜಿ ನೋಡಿ, "ಫ್ಲಾರೆನ್ಸ್? ದೊಡ್ಡ ಮ್ಯೂಸಿಯಮ್ಮಿನ ಸಾಲಿನಲ್ಲಿ ನಿಂತು ಸಾಯಬೇಡಿ," ಎಂದವರೇ ಸಹಿ ಹಾಕಿದ ಪರವಾನಗಿಯನ್ನು ಮಗುಚಿ ನಕ್ಷೆ ಬರೆಯತೊಡಗಿದರು. ಬಣ್ಣದ ಕಲ್ಲುಗಳನ್ನು ಜೋಡಿಸಿ ಮಾಡಿದ ಚಿತ್ರಗಳ ಮ್ಯೂಸಿಯಂ ಇಲ್ಲಿ, ಗೋಡೆ ತುಂಬ ಕೊನೆಯ ಭೋಜನದ ಚಿತ್ರವಿದ್ದೂ ಯಾರೂ ಬಾರದ ಹಳೆಯ ಕ್ರೈಸ್ತ ಮಠ ಅಲ್ಲಿ. ವಿದ್ಯಾರ್ಥಿಯಾಗಿದ್ದಾಗ ಅಲ್ಲೆಲ್ಲ ಒಬ್ಬರೇ ಅಲೆದಿದ್ದರಂತೆ. ಹಾಗೆ ಅಲೆಯಲು ಯಾರ ಸಹಿ ಪಡೆದಿದ್ದಿರಿ ಎಂದು ನಾನು ಕೇಳಬೇಕಿತ್ತು. ಕೇಳಿದ್ದು, ಮಠದ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ ಎಂದು.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪರವಾನಗಿಗೆ ಮುದ್ರೆ ಒತ್ತಿ, ನಿಯಮದಂತೆ ತನ್ನ ಮೇಜಿನೊಳಗೆ ಹಾಕಿಕೊಂಡ. ಅದರ ಹಿಂದೆ ನನ್ನ ನಕ್ಷೆ ಇದೆಯೆಂದು ಗೋಗರೆದೆ. "ಖಲಾಸ್! ಯಲ್ಲಾ, ಯಲ್ಲಾ," ಎಂದು ಮುಂದೆ ಹೋಗುವಂತೆ ಕೈಬೀಸಿದ.

ಫ್ಲಾರೆನ್ಸಿನಲ್ಲಿ ಕಲ್ಲಿನ ಚಿತ್ರಗಳು ಹೇಗೋ ಸಿಕ್ಕವು, ಮಠ ಸಿಗಲಿಲ್ಲ. ರಸಿಕನ ಕೈಯಲ್ಲಿದ್ದರೂ ಬೀಗ ಬೀಗವೇ ಎಂದು ಇಂದಿಗೂ ವಾದಿಸುತ್ತೇನೆ. ಆದರೆ ಕೌಂಟರಿನ ಮುಂದೆ ನಿಂತು, ಆ ಪರವಾನಗಿಯನ್ನು ದಯವಿಟ್ಟು ಮರಳಿ ಕೊಡಿ ಎಂದು ಅಂಗಲಾಚಿದ ಏಕೈಕ ಹೋರಾಟಗಾರ್ತಿ ಬಹುಶಃ ನಾನೇ.